ಅಕ್ಕನಿಗೆ ಹೇಳಿದ ಸೊನ್ನೆ

"ಕಂಟ್ರೋಲ್ ಹಾಕಿದ್ಯಾ?" ಎಂದು ರಕ್ತಪರೀಕ್ಷೆಯ ಲ್ಯಾಬಿನ ಹಿರಿಯ ಟೆಕ್ನಿಶಿಯನ್ ಕೇಳಿದಾಗ ಅವಳ ಕೈಯಲ್ಲಿ ಫೋನ್ ಇನ್ನೂ ಬೆಚ್ಚಗಿತ್ತು. "ಭಾವನ ರಕ್ತದಲ್ಲಿ ಆ ಕಾಯಿಲೆ ಕಣ ಒಂದೂ ಉಳಿದಿಲ್ಲ ಕಣೆ, ಸೊನ್ನೆ ಬಂದಿದೆ" ಎಂದು ಈಗಷ್ಟೇ ಅಕ್ಕನಿಗೆ ಹೇಳಿದ್ದಳು. ಆ ಕಡೆಯಿಂದ ಅಕ್ಕ ಮೂಗೆಳೆದುಕೊಂಡ ಸದ್ದಷ್ಟೇ ಕೇಳಿಸಿತ್ತು.

ಪರೀಕ್ಷೆಯೇ ಸರಿಯಿದೆಯೇ ಎಂದು ತಾಳೆ ನೋಡುವ ಆ ಕಂಟ್ರೋಲ್ ಹಾಕಿರಲಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ? ಗಟ್ಟಿಮುಟ್ಟಾಗಿರೋರ ರಕ್ತ ಒಂದು ಹಾಕಿ ನೋಡು. ನಿಂದೇ ಹಾಕು, ಇಲ್ಲಿ ಮತ್ಯಾರು ಕೊಡ್ತಾರೆ" ಎಂದರು ಅವರು.

ಅವಳು ತನ್ನ ತೋಳಿನಿಂದಲೇ ರಕ್ತ ತೆಗೆದು, ಭಾವನ ರಕ್ತಕ್ಕೆ ಹಾಕಿದ್ದ ಅದೇ ಪುಟ್ಟ ಸೀಸೆಯ ಆಂಟಿಬಾಡಿ ಬೆರೆಸಿದಳು. ಒಂದು ಬಗೆಯ ಬಿಳಿ ರಕ್ತಕಣದ ಮೈಮೇಲಿರುವ ಪ್ರೋಟೀನನ್ನು ಹುಡುಕಿ, ಅದಕ್ಕೆ ಅಂಟಿ ಹೊಳೆಯುವುದು ಅದರ ಕೆಲಸ. ಭಾವನ ಕಾಯಿಲೆ ಹುಟ್ಟಿದ್ದು ಆ ಕಣಗಳಲ್ಲಿ. ಚಿಕಿತ್ಸೆ ಅವನ್ನು ಪೂರ್ತಿ ಅಳಿಸಬೇಕಿತ್ತು. ಆದರೆ ಆರೋಗ್ಯವಂತರಲ್ಲಿ ಅವು ಒಂದಿಷ್ಟು ಇದ್ದೇ ಇರುತ್ತವೆ. ಕಾಯುವ ಇಪ್ಪತ್ತು ನಿಮಿಷ ಅವಳು ತೋಳಿನ ಹತ್ತಿಯನ್ನು ಒತ್ತಿಕೊಂಡೇ ನಿಂತಿದ್ದಳು, ರಕ್ತ ಯಾವಾಗಲೋ ನಿಂತಿತ್ತು.

ಪರದೆಯ ಮೇಲೆ ಅವಳ ರಕ್ತಕ್ಕೂ ಸೊನ್ನೆಯೇ ಬಂತು.

ಹಿರಿಯರು ಸೀಸೆಯನ್ನು ಬೆಳಕಿಗೆ ಹಿಡಿದರು. "ಆಂಟಿಬಾಡಿನೇ ಸತ್ತಿದೆ. ಹೆಪ್ಪುಗಟ್ಟಿದ್ರೆ ಇದು ಕೆಟ್ಟುಹೋಗುತ್ತೆ. ಫ್ರೀಜರಲ್ಲಿ ಇಟ್ಟಿದ್ಯಾ?"

ಇಟ್ಟಿದ್ದಳು. ಭಾವನ ಪರೀಕ್ಷೆಗೆ ಬೇಕಾದದ್ದು ಕೆಡದಿರಲಿ ಎಂದು, ಫ್ರಿಜ್ಜಿನಿಂದ ತೆಗೆದು ತಾನೇ ಜೋಪಾನವಾಗಿ ಇಟ್ಟಿದ್ದಳು. ಮೇಜಿನ ಮೇಲೆ ಫೋನ್ ನಡುಗಿತು. ಅಕ್ಕನ ಸಂದೇಶ: "ಅವ್ರಿಗೆ ಹೇಳ್ದೆ. ಎದ್ದು ಕೂತು ಊಟ ಕೇಳಿದ್ರು."