ತಗಡಿನ ಗೂಡು

ದಾರಿ ತೋರಿಸುವ ಉಪಗ್ರಹಗಳ ಸಂಕೇತಗಳು ಕಡಲಿಗೆ ಬಡಿದು ಮರಳುವುದನ್ನು ಹಿಡಿದು, ಸಂಶೋಧಕಿ ಪರದೆಯ ಮೇಲೆ ಚಿತ್ರ ಮೂಡಿಸುತ್ತಿದ್ದಳು. ಸಣ್ಣ ಮರದ ದೋಣಿಗಳು ಅದರಲ್ಲಿ ಕಾಣುತ್ತಿರಲಿಲ್ಲ. ಲೋಹವಾದರೆ ಮಿನುಗುತ್ತದೆಂದು ಒಬ್ಬ ಮೀನುಗಾರನ ದೋಣಿಗೆ ತಗಡಿನ ಗೂಡೊಂದನ್ನು ಕೊಟ್ಟಿದ್ದಳು.

“ಬಲೆ ಇಡೋಕೇ ಜಾಗ ಇಲ್ಲ, ಮೇಲೆ ಇದೊಂದು!” ಎಂದು ಅವನು ಗೊಣಗಿದರೂ ಹೆಂಡತಿ ತಾನೇ ಅದನ್ನು ದೋಣಿಗೆ ಬಿಗಿದು ಕಟ್ಟಿದ್ದಳು.

ಬಿರುಗಾಳಿಯ ಮರುದಿನವೂ ಅವನು ಮರಳದಿದ್ದಾಗ ಹೆಂಡತಿ ಓಡಿಬಂದಳು. “ಮೇಡಂ, ನಮ್ಮವರು ಕಾಣ್ತಾರಾ?”

ಪರದೆಯಲ್ಲಿ, ದಡದ ಅಂಚಿನಲ್ಲೇ ಚುಕ್ಕೆಯೊಂದು ಹೊಳೆಯುತ್ತಿತ್ತು.

“ಕಾಣ್ತಿದ್ದಾರೆ ಅಕ್ಕಾ! ದಡ ಮುಟ್ಟಿದ್ದಾರೆ, ನಿಮ್ಮ ಗೂಡೇ ಇದು.”

“ಬರಲಿ, ಇನ್ನೊಮ್ಮೆ ಗೊಣಗಲಿ, ನೋಡಿಕೊಳ್ತೇನೆ,” ಎಂದು ಅವಳು ಅಳುತ್ತಲೇ ನಕ್ಕಳು.

ಇಬ್ಬರೂ ದಡಕ್ಕೆ ಓಡಿದರು. ದೋಣಿ ಇರಲಿಲ್ಲ. ಹೊರಡುವ ಮುನ್ನ ಅವನು ಬಿಚ್ಚಿ, ಗಾಳಿಗೆ ಹಾರದಂತೆ ಕಲ್ಲು ಹೇರಿಟ್ಟಿದ್ದ ಗೂಡು ಮರಳ ಮೇಲೆ ಹೊಳೆಯುತ್ತಿತ್ತು.