ಕುದುರೆ ಎಲುಬಿನ ಹಿಡಿ

ಮುದುಕನಿಗೆ ನೆನಪು ಕೆಟ್ಟಿದೆ ಎಂದು ಈ ಫೋನಿನ ಗುಂಪಿನಲ್ಲಿ ಹಲ್ಲು ಕಿರಿದವರೆಲ್ಲ ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಮರೆಯುತ್ತದೆ, ಒಪ್ಪಿದೆ. ಆ ಎಲುಬು ಮೇಜಿನ ಮೇಲೆ ಬಿದ್ದ ಸದ್ದು ಮರೆಯುವಂಥದ್ದಲ್ಲ. ಬೀದಿಗೆ ಬೀದಿಯೇ ಕೇಳಿತ್ತು.

ಲಾಯದವನು ಅದನ್ನು ಗೋಣಿಯಿಂದ ತೆಗೆದು ಹೆಂಡತಿಯ ಮುಂದೆ ಎಸೆದಿದ್ದ.

"ತಗೋ! ಹಟಮಾರಿಯ ಕಾಲು. ಕುಯ್ಯಿ. ಇದೇ ಕೈಯಲ್ಲಿ ಬಾಟ್ಲಿ ಹಾಲು ಕುಡಿಸಿ ಸಾಕಿದವಳು ನೀನು. ಅದೇ ಕೈಯಲ್ಲಿ ಕುಯ್ಯಿ."

"ಕುಯ್ಯದೆ ಏನ್ಮಾಡ್ಲಿ? ಮನೆ ಸಾಹೇಬರದು, ಕೆಲಸ ಸಾಹೇಬರದು. ನಿಮ್ಮ ರೋಷ ಒಲೆಗೆ ಹಾಕಿದ್ರೆ ಅನ್ನ ಬೇಯತ್ತಾ?"

ಹಟಮಾರಿ ಎಂದರೆ ಸಾಹೇಬನ ಲಾಯದ ಹೆಣ್ಣು ಕುದುರೆ. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ಮಕ್ಕಳಿಲ್ಲದ ಈ ಗಂಡ ಹೆಂಡತಿ ಅದನ್ನು ಅಂಗಳದಲ್ಲೇ ಬೆಳೆಸಿದ್ದರು. ಸಾಹೇಬ ಅತಿಥಿಗಳ ಮುಂದೆ ಜಂಭ ತೋರಿಸಲು ಹೋಗಿ ಅದರ ಬಾಯಲ್ಲಿ ರಕ್ತ ಬರುವಷ್ಟು ಲಗಾಮು ಜಗ್ಗಿದ. ಅದು ಅವನನ್ನು ಎತ್ತಿ ಕೆಸರಿಗೆ ಎಸೆಯಿತು. ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಎಲ್ಲವನ್ನೂ ಕೆಡಿಸಿತು.

ಸಾಹೇಬ ತನ್ನ ಪಿಸ್ತೂಲನ್ನು ಲಾಯದವನ ಕೈಗೆ ತುರುಕಿದ. "ಸಾಕಿದವನು ನೀನು ತಾನೆ? ನೀನೇ ಹೊಡಿ. ಕಾಲೆಲುಬು ತಂದು ಹೆಂಡ್ತಿಗೆ ಕೊಡು. ಇದೇ ಪಿಸ್ತೂಲಿಗೆ ಹಿಡಿ ಮಾಡ್ಲಿ. ನನ್ನ ಜೀವ ಇರೋತನಕ ಅದು ನನ್ನ ಮುಷ್ಟಿಯಲ್ಲಿರ್ಬೇಕು."

ಕಲ್ಲುಗಣಿಯ ಕಡೆಯಿಂದ ಗುಂಡಿನ ಸದ್ದು ಬಂತು. ಸಾಹೇಬ ವರಾಂಡದಲ್ಲಿ ಕೂತು ಚಹಾ ಹೀರಿದ. ಹಳೇ ಹೊಂಡಕ್ಕೆ ತಳ್ಳಿ ಸುಣ್ಣ ಸುರಿದೆ ಎಂದು ಲಾಯದವನು ಬಂದು ಹೇಳಿದ. ಅವನ ಕಣ್ಣು ಕೆಂಡವಾಗಿತ್ತು.

ಹೆಂಡತಿಯದು ಎಲುಬಿನ ಕೆಲಸ. ಚಾಕುವಿಗೆ, ಕೋಲಿಗೆ, ಪಿಸ್ತೂಲಿಗೆ ಹಿಡಿ ಮಾಡುವಳು. ಈ ಎಲುಬಿನ ಎರಡೂ ತುದಿಗಳನ್ನು ಗಂಡನೇ ಕತ್ತರಿಸಿ ತಂದಿದ್ದ. ಅವಳು ಅದನ್ನು ಸೋಪು ನೀರಿನಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಜಿಡ್ಡು ಬಿಡಿಸಿದಳು, ಬಿಳುಪಿನ ಔಷಧದಲ್ಲಿ ನೆನೆಸಿದಳು, ನೆರಳಲ್ಲಿ ಒಣಗಿಸಿದಳು. ನೋಡಿದವರು ಥೂ ಎಂದರು. ಹೆತ್ತ ತಾಯಿಯಂತಿದ್ದವಳು ಹೀಗೂ ಮಾಡುತ್ತಾಳೆಯೇ?

ಕೆಲಸ ಎಲ್ಲಿಗೆ ಬಂತೆಂದು ನೋಡಲು ಸಾಹೇಬ ತನ್ನ ಡ್ರೈವರನ್ನು ಕಳಿಸುತ್ತಿದ್ದ. ಅವನ ಮೋಟಾರುಬೈಕು ತಿರುವಿನಲ್ಲಿ ಗುಡುಗಿದರೆ ಸಾಕು, ಮನೆಯೊಳಗೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು.

"ಕಟುಕಿ! ನಿನ್ನ ಕೈಯಲ್ಲಿ ನೀರು ಕುಡಿದ್ರೂ ನನಗೆ ಪಾಪ!"

"ಕುಡೀಬೇಡಿ! ಗಂಟಲು ಒಣಗಿದ್ರೆ ಕೂಗಾಟನಾದ್ರೂ ನಿಲ್ಲತ್ತೆ!"

ಎಲುಬಿನ ಪುಡಿ ಹಾರುತ್ತದೆಂದು ಸದಾ ಮುಚ್ಚಿರುತ್ತಿದ್ದ ಕಿಟಕಿ ಆ ದಿನಗಳಲ್ಲಿ ಪೂರ್ತಿ ತೆರೆದಿರುತ್ತಿತ್ತು. ಡ್ರೈವರ್ ಹೊರಗೆ ನಿಂತು ಕಿವಿ ತುಂಬಿಸಿಕೊಂಡ ಮೇಲೆಯೇ ಒಳಗೆ ಬರುವನು.

"ಅಕ್ಕಾ, ಭಾವ ಇವತ್ತೂ ಗರಂ?"

"ನಿಮ್ಮ ಭಾವ ತಣ್ಣಗಿದ್ದದ್ದು ಯಾವಾಗ?"

ಅವನು ಎಲುಬನ್ನು ಎತ್ತಿ ನೋಡಿದ. "ನಡುವೆ ಇದೇನಕ್ಕಾ ಗೀರು? ದಾರ ಇಟ್ಟು ಎಳೆದ ಹಾಗಿದೆ?"

"ನಿನ್ನ ಕಾಲೂ ಬಿಚ್ಚಿ ನೋಡೋಣ್ವಾ, ಎಷ್ಟು ಗೀರಿದೆ ಅಂತ?"

ಅವನು ನಕ್ಕು ಹೊರಟ. ಅವಳು ಅರ ಹಿಡಿದು ಮೊದಲು ಆ ಗೀರನ್ನೇ ಉಜ್ಜಿ ತೆಗೆದಳು.

ಲಾಯದವನು ದಿನಾ ಕಲ್ಲುಗಣಿಗೆ ಹೋಗಿ ಕೂರುತ್ತಿದ್ದ. ಹೆಗಲ ಮೇಲೊಂದು ಗೋಣಿ. ಹಾಸಿಕೊಂಡು ಕೂತು ಅಳುತ್ತಾನೆ, ಪಾಪ, ಎಂದು ಜನ ಲೊಚಗುಟ್ಟಿದರು. ಒಂದಲ್ಲ ಒಂದು ದಿನ ಇವನು ಸಾಹೇಬನನ್ನೋ ಹೆಂಡತಿಯನ್ನೋ ಮುಗಿಸುತ್ತಾನೆ ಎಂದೂ ಪಿಸುಗುಟ್ಟಿದರು.

ಹಿಡಿ ಸಿದ್ಧವಾಯಿತು. ಹಾಲಿನ ಕೆನೆಯ ಬಣ್ಣ, ಬೆಣ್ಣೆಯ ನುಣುಪು. ಸಾಹೇಬ ತಾನೇ ಬಂದ. ಪಿಸ್ತೂಲು ಅವನ ಅಂಗೈಗೆ ಕಚ್ಚಿಕೊಂಡ ಹಾಗೆ ಕೂತಿತು. ಹೆಬ್ಬೆರಳಿನಿಂದ ಸವರಿದ.

"ನೋಡು, ಈಗ ಎಷ್ಟು ಸಾಧು! ಏಯ್, ಬಾ ಇಲ್ಲಿ, ನೀನೂ ಸವರು. ನಿನ್ನ ಮುದ್ದು ಮಗಳಲ್ವಾ?"

ಲಾಯದವನು ಮುಟ್ಟಲಿಲ್ಲ. ಲಾಯದ ಬೀಗದಕೈಯನ್ನು ಸಾಹೇಬನ ಬೂಟಿನ ಮುಂದೆ ಬಿಸಾಡಿ, ಬಟ್ಟೆಯ ಗಂಟು ಎತ್ತಿಕೊಂಡ. "ಇವಳ ಮುಖ ನೋಡ್ಕೊಂಡು ಈ ಮನೇಲಿ ಇರಲಾರೆ. ಎಲ್ಲಾದ್ರೂ ಹಾಳಾಗಿ ಹೋಗ್ತೀನಿ."

"ಹೋಗಿ, ಹೋಗಿ! ಆ ಕುದುರೆನೇ ಕಟ್ಕೊಂಡು ಸಂಸಾರ ಮಾಡಿ!"

ಸಾಹೇಬ ಕೆಮ್ಮು ಬರುವಷ್ಟು ನಕ್ಕ. "ಬಿಡ್ರೋ, ಯಾರೂ ತಡೀಬೇಡಿ. ಹೊಟ್ಟೆ ಹಸಿದ್ರೆ ತಾನೇ ಬರ್ತಾನೆ."

ಅವನು ಬರಲಿಲ್ಲ. ಏನೇ ಆದರೂ ಗಂಡ, ಹುಡುಕಿಕೊಂಡು ಬರುತ್ತೇನೆ ಎಂದು ಸಾಹೇಬನಲ್ಲಿ ಕೇಳಿಕೊಂಡು ಅವಳೂ ಹೊರಟಳು. ಅವಳೂ ತಿರುಗಿ ಬರಲಿಲ್ಲ. ಕೊನೆಗೆ ಹಾಳು ಸಂಸಾರದ ಕಥೆಯಾಗಿ ಬೀದಿಯವರು ಅದನ್ನು ಮರೆತರು.

ಸಾಹೇಬ ಇವತ್ತಿಗೂ ಬಂದವರಿಗೆಲ್ಲ ಪಿಸ್ತೂಲು ತೋರಿಸುತ್ತಾನೆ. ನನ್ನನ್ನು ಬೀಳಿಸಿದ ಕುದುರೆಯ ಗತಿ ನೋಡಿ ಎನ್ನುತ್ತಾನೆ.

ಅವನು ಸವರುತ್ತಿರುವುದು ಮಾಂಸದಂಗಡಿಯ ಒಂದು ಮುದಿ ಎತ್ತಿನ ಕಾಲು. ಗೊರಸು ಎರಡಾಗಿ ಸೀಳಿರುವ ಪ್ರಾಣಿಯ ಕಾಲೆಲುಬಿಗೆ ಮಾತ್ರ ನಡುವೆ ಅಂಥ ಗೀರು ಇರುತ್ತದೆ, ಕುದುರೆಯದಕ್ಕೆ ಇರುವುದಿಲ್ಲ.

ಗಣಿಯ ಹಾಳು ಶೆಡ್ಡಿನಲ್ಲಿ ಅಡಗಿಕೊಂಡು, ಗೋಣಿಯಲ್ಲಿ ಬರುತ್ತಿದ್ದ ಹುಲ್ಲು ತಿನ್ನುತ್ತಿದ್ದ ಹಟಮಾರಿ, ಮರುವರ್ಷ ಗುಡ್ಡದಾಚೆಯ ಬಯಲಿನಲ್ಲಿ ಹೆಣ್ಣುಮರಿ ಹಾಕಿತು. ಒಂದೇ ಒಂದು ದಿನವೂ ನಿಜವಾಗಿ ಜಗಳವಾಡದ ಗಂಡ ಹೆಂಡತಿ ಅದರ ಪಕ್ಕ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಇದನ್ನೆಲ್ಲ ನನಗೆ ಹೇಳಿದವರು ಅವರೇ. ಈಗ ಅವರೂ ಇಲ್ಲ, ಹಟಮಾರಿಯೂ ಇಲ್ಲ. ಇನ್ನು ಬಚ್ಚಿಡುವುದು ಯಾರಿಗಾಗಿ? ಇದನ್ನು ನಿಮ್ಮ ನಿಮ್ಮವರಿಗೆಲ್ಲ ಕಳಿಸಿ. ಕಳಿಸುತ್ತಾ ಇರಿ, ಆ ಸಾಹೇಬನ ಫೋನು ಟಿಣ್ ಎನ್ನುವ ತನಕ.