ಕುಳ್ಳರ ಲೆಕ್ಕ

"ನಾಳೆಯಿಂದ ಬಣ್ಣ ಬೆರೆಸೋದೆಲ್ಲ ಅವನೇ ನೋಡ್ಕೋತಾನೆ. ನೀನು ಎಣಿಸಿಕೊಡು, ಸಾಕು," ಎಂದರು ಗೈಡ್. ಎಣಿಸಿಕೊಡುವವರಿಗೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ, ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಪಕ್ಕದಲ್ಲೇ ಕೂತಿದ್ದ ಗಂಡ, ಅದೇ ಲ್ಯಾಬಿನ ಇನ್ನೊಬ್ಬ ಸಂಶೋಧಕ, ಸರಿಯೇ ಎನ್ನುವಂತೆ ತಲೆಯಾಡಿಸಿದ. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ರಗಳೆಯೆಲ್ಲ ಯೀಸ್ಟಿನದು, ಹಿಟ್ಟು ಉಬ್ಬಿಸುವ ಅದೇ ಯೀಸ್ಟು. ಅದರ ಒಂದೊಂದು ಜೀವಕಣದೊಳಗೂ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿರುತ್ತವೆ. ಇವರು ಬಳಸುತ್ತಿದ್ದ ಹಳದಿ ಬಣ್ಣದ ರಾಸಾಯನಿಕ ಬೆರೆಸಿದರೆ ಕೆಲವು ಕಣಗಳ ಒಲೆ ಕೆಡುತ್ತದೆ. ಕೆಟ್ಟರೆ ಕೆಟ್ಟಿತು, ಮಕ್ಕಳು ಮೊಮ್ಮಕ್ಕಳಿಗೂ ಅದೇ ಬಳುವಳಿ. ಅವು ಸಾಯುವುದಿಲ್ಲ, ಅರೆಹೊಟ್ಟೆಯಲ್ಲಿ ಬದುಕುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಉಳಿದವು ದೊಡ್ಡ ಚುಕ್ಕಿಗಳಾದರೆ ಇವು ಸಾಸಿವೆ ಕಾಳಿನಷ್ಟಕ್ಕೇ ನಿಂತುಬಿಡುತ್ತವೆ. ಲ್ಯಾಬಿನಲ್ಲಿ ಇವಕ್ಕೆ ಕುಳ್ಳರು ಅಂತಲೇ ಹೆಸರು. ಗಂಡನ ತಟ್ಟೆಗಳಲ್ಲಿ ಅರ್ಧಕ್ಕರ್ಧ ಕುಳ್ಳರು. ಅವಳದರಲ್ಲಿ ಹುಡುಕಿದರೆ ನಾಲ್ಕೋ ಐದೋ. ಯೀಸ್ಟು ಒಂದೇ, ಬಣ್ಣದ ಬಾಟಲಿ ಒಂದೇ, ಅಳತೆಯೂ ಒಂದೇ. ಹಾಗಾದರೆ ತಪ್ಪು ಯಾರದು? ಅವಳದೇ, ಇನ್ಯಾರದು.

ಅಳತೆಯಲ್ಲಿ ಕೈ ನಿಲ್ಲುವುದಿಲ್ಲ ಎಂದರು ಗೈಡ್. ಮೈ ಇಲ್ಲಿ, ಮನಸ್ಸು ಮನೆಯಲ್ಲಿ ಎಂದರು. ಗಂಡ ಅವರನ್ನೂ ಮೀರಿಸಿದ. ರಾತ್ರಿ ಊಟಕ್ಕೆ ಕೂತಾಗ ತಾಯಿಯ ಎದುರಿಗೆ, ಇವಳ ಕೈಲಿ ವಿಷ ಕೊಡಿಸಿದರೂ ಏರಲ್ಲಮ್ಮ, ಅಂಥಾ ಕೈಗುಣ, ಎಂದು ನಕ್ಕ. ಅತ್ತೆ ನಗಲಿಲ್ಲ. ಅವಳು ಅರ್ಧ ಊಟದಲ್ಲೇ ಎದ್ದು ಕೈ ತೊಳೆದಳು.

ಮರುದಿನ ಗೈಡ್ ಅವನನ್ನು ಕರೆದುಕೊಂಡು ಯಾವುದೋ ಮೀಟಿಂಗಿಗೆ ಹೋದರು. ಅವಳು ಕೆಲಸ ಮಾಡುತ್ತಿದ್ದದ್ದು ಹಿಂದೆ ಮುರುಕು ಸಾಮಾನು ತುಂಬುತ್ತಿದ್ದ ಒಳಕೋಣೆಯಲ್ಲಿ. ಕಿಟಕಿಯಿಲ್ಲ, ಮೂಲೆಯಲ್ಲೊಂದು ಮಂಕು ದೀಪ. ಎಣಿಸಬೇಕಂತೆ, ಎಂದು ಗೊಣಗುತ್ತ ಯೀಸ್ಟಿನ ಫ್ಲಾಸ್ಕ್ ಹಿಡಿದು ಹೊರಬಂದವಳು ಗಂಡನ ಸ್ಟೂಲಿನ ಮೇಲೆ ಧೊಪ್ಪನೆ ಕೂತಳು. ವಿಜ್ಞಾನ ಗಿಜ್ಞಾನ ಒಂದೂ ಅವಳ ತಲೆಯಲ್ಲಿರಲಿಲ್ಲ. ಅವನ ಜಾಗದಲ್ಲಿ ಕೂರಬೇಕು, ಅಷ್ಟೇ. ಬಣ್ಣ ಬೆರೆಸಿದಳು. ಅವನು ಇಡುವಲ್ಲೇ, ಕಿಟಕಿಯ ಪಕ್ಕ, ಫ್ಲಾಸ್ಕ್ ಇಟ್ಟಳು. ಬಿಸಿಲು ಮೇಜಿನ ತುಂಬ ಚೆಲ್ಲಿತ್ತು. ಆಮೇಲೆ ಎಂದಿನಂತೆ ತಟ್ಟೆಗಳಿಗೆ ಹಚ್ಚಿ ಬೆಳೆಯಲು ಬಿಟ್ಟಳು.

ಚುಕ್ಕಿಗಳು ಮೂಡಿದಾಗ ನೋಡಿದರೆ ಅರ್ಧಕ್ಕರ್ಧ ಕುಳ್ಳರು.

ಅವಳಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಹಾಗಾದರೆ ಇಷ್ಟು ದಿನ ತಪ್ಪುತ್ತಿದ್ದದ್ದು ನನ್ನ ಕೈಯೇ? ಅವರು ಅಂದದ್ದೇ ನಿಜವೇ? ಆ ದಿನ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಕೈ ಬದಲಾಗಿಲ್ಲ, ಬಾಟಲಿ ಬದಲಾಗಿಲ್ಲ. ಬದಲಾದದ್ದು ಕೂತ ಜಾಗ. ಕಿಟಕಿಯ ಬಿಸಿಲು ಆಗ ಅವಳ ಮೊಣಕೈ ಮೇಲೇ ಬಿದ್ದಿತ್ತು. ಮನೆಗೆ ಹೋದವಳೇ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಸುರುಳಿಯನ್ನು ಚೀಲಕ್ಕೆ ತುರುಕಿಕೊಂಡಳು. ಯಾಕೆ ಎಂದು ಅತ್ತೆ ಕೇಳಿದರು. ನಿಮ್ಮ ಮಗನ ಬಾಯಿ ಮುಚ್ಚಿಸೋಕೆ ಎಂದಳು. ಹಾಗಾದ್ರೆ ಒಂದು ಸಾಲದು, ಅಟ್ಟದ ಮೇಲೆ ಇನ್ನೊಂದಿದೆ, ಅದನ್ನೂ ತಗೊಂಡು ಹೋಗು ಎಂದರು ಅತ್ತೆ.

ಮುಂದಿನ ಸಲ ಗೈಡ್ ಕೋಣೆಗೆ ಹೋದಾಗ ಅವಳು ಎಣಿಕೆ ಒಪ್ಪಿಸಲಿಲ್ಲ. ತಟ್ಟೆಗಳನ್ನೇ ತಂದು ಅವರ ಮೇಜಿನ ಮೇಲೆ ಕುಕ್ಕಿದಳು. ಗಂಡ ಅಲ್ಲೇ ಇದ್ದ. "ಒಂದೇ ಕೈ, ಒಂದೇ ಬಾಟಲಿ, ಒಂದೇ ಕಿಟಕಿ, ಸರ್. ಈ ಫ್ಲಾಸ್ಕಿಗೆ ಹಾಳೆ ಸುತ್ತಿದ್ದೆ, ಇದಕ್ಕೆ ಸುತ್ತಿರಲಿಲ್ಲ," ಎಂದಳು. ಹಾಳೆ ಸುತ್ತಿದ್ದರಲ್ಲಿ ಬೆರಳೆಣಿಕೆಯ ಕುಳ್ಳರು, ಸುತ್ತದೇ ಇದ್ದದ್ದರಲ್ಲಿ ಅರ್ಧಕ್ಕರ್ಧ. ಬಣ್ಣವಿಲ್ಲದೆ ಬರೀ ಬಿಸಿಲಿಗಿಟ್ಟದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಗೈಡ್ ಕನ್ನಡಕ ತೆಗೆದು, ಹಾಕಿ, ತಟ್ಟೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಣ್ಣದ ಜೊತೆ ಬೆಳಕು ಸೇರಿದಾಗಲೇ ಇಷ್ಟು ಒಲೆ ಕೆಡೋದು, ಭಲೇ, ಎಂದು ಕೈ ಉಜ್ಜಿಕೊಂಡರು. ಒಳ್ಳೇ ಜರ್ನಲಿಗೇ ಕಳಿಸೋಣ ಎಂದರು. ಬರೆಯೋದು ನೀನೇ ಬರಿ ಎಂದು ಅವನ ಕಡೆ ತಿರುಗಿದರು, ಇವಳಿಗೆ ಮನೆ ಕೆಲಸವೂ ಇರುತ್ತಲ್ಲ. ಕೈಗುಣದ ಸುದ್ದಿ ಯಾರೂ ಎತ್ತಲಿಲ್ಲ. ಬಣ್ಣ ಬೆರೆಸುವ ಕೆಲಸ ಅವಳಿಗೆ ಮರಳಿ ಕೊಡುವ ಮಾತೂ ಬರಲಿಲ್ಲ.

ಗಂಡ ಆಗಲೇ ಪೆನ್ನು ತೆಗೆದಿದ್ದ. "ವಿಧಾನದ ಭಾಗ ಹೀಗೆ ಶುರು ಮಾಡ್ತೀನಿ ಸರ್. ಒಂದು ಗುಂಪನ್ನು ಬೆಳಕಿನಲ್ಲಿ, ಇನ್ನೊಂದು ಗುಂಪನ್ನು ಕತ್ತಲೆಯಲ್ಲಿ ಇಡಲಾಯಿತು." ಮೊದಲ ದಿನದಿಂದಲೂ ಇಬ್ಬರೂ ಕೂತು ಹೀಗೇ ಲೆಕ್ಕ ಹಾಕಿದ್ದರೇನೋ ಎನ್ನಬೇಕು, ಅಷ್ಟು ಸರಾಗವಾಗಿತ್ತು ಅವನ ಧಾಟಿ.

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡಳು.

"ಫಲಿತಾಂಶ ಬದಲಾಯಿಸಿದ್ದು ಏನೇ ಇರಲಿ, ವಿಧಾನದಲ್ಲಿ ಬರೀಬೇಕು ಅಂತ ಹೇಳಿಕೊಟ್ಟವರು ನೀವೇ ಅಲ್ವಾ ಸರ್. ಹಾಗಾದ್ರೆ ಇದನ್ನೂ ಬರೆಸಿ. ಲ್ಯಾಬಲ್ಲಿ ಕಿಟಕಿ ಇರೋ ಮೇಜು ಒಂದೇ ಇತ್ತು. ಅದು ಯಾರಿಗೆ ಅಂತ ನೀವು ಕೇಳಿದ್ರಿ. 'ನನಗೆ ಕೊಡಿ ಸರ್, ಅವಳಿಗೆ ಎಲ್ಲಾದ್ರೂ ನಡೆಯತ್ತೆ' ಅಂದ್ರು ಇವರು. 'ಸರಿ' ಅಂದ್ರಿ ನೀವು. ಪ್ರಯೋಗ ಶುರುವಾಗಿದ್ದು ಅವತ್ತೇ."